ಫೋರ್‌ವೀಲ್ ಗಾಡಿಯ ಬುಷ್: ಎಲ್ಲಿಗೆ ರಬ್ಬರ್, ಎಲ್ಲಿಗೆ ಪಾಲಿ

ಸಸ್ಪೆನ್ಷನ್ನಿನ ಕೀಲುಗಳಲ್ಲಿ ಬೋಲ್ಟಿನ ಸುತ್ತ ಕೂರುವ ಕೊಳವೆಯಂಥ ತುಂಡೇ ಬುಷ್. ಅದು ರಬ್ಬರಿನದಿರಬಹುದು, ಇಲ್ಲವೇ ಚಿಕ್ಕದಾಗಿ ಪಾಲಿ ಎನ್ನುವ ಪಾಲಿಯುರಿಥೇನಿನದು. ಬಿಡಿಭಾಗದ ಅಂಗಡಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಒಂದಿದೆ: "ಇಡೀ ಗಾಡಿಗೆ ಪಾಲಿ ಬುಷ್ ಹಾಕಿಸಿಬಿಟ್ಟರೆ ಒಳ್ಳೆಯದಲ್ಲವೇ?" ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಪ್ರಶ್ನೆ ಕೇಳಿದ ರೀತಿಯೇ ಸರಿಯಿಲ್ಲ. ನಾಲ್ಕೂ ಚಕ್ರಕ್ಕೆ ಬ್ಲೇಡ್ ಸೆಟ್ (ಪಟ್ಟಿ ಪಟ್ಟಿಯ ಸ್ಪ್ರಿಂಗ್) ಇರುವ ಜಿಪ್ಸಿಯನ್ನೇ ತೆಗೆದುಕೊಳ್ಳಿ. ಒಂದೊಂದು ಬ್ಲೇಡ್ ಸೆಟ್ಟಿಗೆ ಮೂರು ಕೀಲು: ಎರಡು ತುದಿಯ ಕಣ್ಣು, ಒಂದು ಶಾಕಲ್ (ಬ್ಲೇಡಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ, ಆಡುವ ಕೊಂಡಿ) ಚಾಸಿಗೆ ಸೇರುವ ಜಾಗ. ಒಟ್ಟು 12 ಕೀಲು. ಪ್ರತಿ ಕೀಲಿಗೂ ಎರಡು ಅರ್ಧ ತುಂಡು, ಅಂದರೆ 24 ಬುಷ್. ಇದರ ಮೇಲೆ ಶಾಕ್ ಅಬ್ಸಾರ್ಬರ್‌ಗಳದ್ದು ಬೇರೆ. ಕಾಯಿಲ್ ಸ್ಪ್ರಿಂಗ್ ಇರುವ ಜಿಮ್ನಿ, ಗೂರ್ಖಾ, ಹೊಸ ಥಾರ್‌ಗಳಲ್ಲಿ ಚಕ್ರ, ಆಕ್ಸಲ್‌ಗಳನ್ನು ಚಾಸಿಗೆ ಹಿಡಿದಿಡುವ ಆರ್ಮ್, ಲಿಂಕ್, ಪ್ಯಾನ್‌ಹಾರ್ಡ್ ರಾಡ್ ಎಂದು ಎಣಿಕೆ ಇನ್ನೊಂದು ಬಗೆ. ಈ ಒಂದೊಂದು ಕೀಲಿನಲ್ಲೂ ಬುಷ್ ಮಾಡುವ ಕೆಲಸ ಬೇರೆ. ಹಾಗಾಗಿ ಗಾಡಿಗೆ ಯಾವ ಬುಷ್ ಎಂದು ಕೇಳುವ ಬದಲು ಈ ಕೀಲಿಗೆ ಯಾವ ಬುಷ್ ಎಂದು ಕೇಳಬೇಕು. ಒಂದೇ ಗಾಡಿಯಲ್ಲಿ ಮೂರು ಬಗೆಯ ಬುಷ್ ಇದ್ದರೆ ಅದು ಅರೆಬರೆ ಕೆಲಸವಲ್ಲ, ತಿಳಿದು ಮಾಡಿದ ಕೆಲಸ.

ನಾಲ್ಕು ಅಲುಗಾಟ

ಯಾವ ಬುಷ್ ಆದರೂ ನಡುವೆ ಒಂದು ಬೋಲ್ಟ್ ಹಾದುಹೋಗುತ್ತದೆ. ಅದನ್ನೇ ಅಚ್ಚು ಎಂದುಕೊಂಡರೆ ಬುಷ್ ನಾಲ್ಕು ರೀತಿಯಲ್ಲಿ ಅಲುಗಬಹುದು. ಚಕ್ರ ಮೇಲೆ ಕೆಳಗೆ ಹೋದಾಗ ಬೋಲ್ಟಿನ ಸುತ್ತ ತಿರುಚಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ, ಗುಂಡಿಗೆ ಇಳಿದಾಗ ಬೋಲ್ಟಿನ ಒಂದು ಪಕ್ಕಕ್ಕೆ ಅಮುಕಿಕೊಳ್ಳುತ್ತದೆ. ತಿರುವಿನಲ್ಲಿ ಬೋಲ್ಟಿನ ಉದ್ದಕ್ಕೆ ಸರಿಯುತ್ತದೆ. ಒಂದು ಚಕ್ರ ಬಂಡೆಯ ಮೇಲೂ ಇನ್ನೊಂದು ಹಳ್ಳದಲ್ಲೂ ನಿಂತಾಗ ಆಕ್ಸಲ್ ಓರೆಯಾಗಿ, ಬುಷ್ ಬೋಲ್ಟಿಗೆ ನೇರವಾಗಿ ನಿಲ್ಲದೆ ವಾಲುತ್ತದೆ. ಮೊದಲ ಮೂರು ಯಾವ ಕಾರಿನಲ್ಲೂ ಇರುವಂಥವು. ನಾಲ್ಕನೆಯದು ಎಡಬಲ ಚಕ್ರಗಳನ್ನು ಜೋಡಿಸುವ ಒಂದೇ ತುಂಡಿನ ಇಡೀ ಆಕ್ಸಲ್ ಇರುವ ಫೋರ್‌ವೀಲ್ ಗಾಡಿಯ ನಿತ್ಯದ ಪಾಡು. ಕಾರಿನವರ ಸಲಹೆಯನ್ನು ತಂದು ಜೀಪಿಗೆ ಅಂಟಿಸಿದವರು ಎಡವುವುದು ಇಲ್ಲೇ.

ಕಂಪನಿಯಿಂದ ಬರುವ ರಬ್ಬರ್ ಬುಷ್, ಅಂದರೆ ಗ್ಯಾರೇಜಿನವರ ಮಾತಿನಲ್ಲಿ ಸೈಲೆಂಟ್ ಬ್ಲಾಕ್, ಎರಡು ಕಬ್ಬಿಣದ ಕೊಳವೆಗಳ ನಡುವೆ ಕಾಯಿಸಿ ಅಂಟಿಸಿದ ರಬ್ಬರ್. ಒಳಕೊಳವೆಯನ್ನು ಬೋಲ್ಟ್ ಬ್ರಾಕೆಟ್‌ಗೆ ಕಚ್ಚಿಸಿರುತ್ತದೆ. ಹೊರಕೊಳವೆ ಆರ್ಮ್‌ನ ಕಣ್ಣಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಎರಡೂ ಜಾರುವುದಿಲ್ಲ. ನಡುವಿನ ರಬ್ಬರ್ ಮಾತ್ರ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡು, ಬಿಟ್ಟಾಗ ಮೊದಲಿನಂತಾಗುತ್ತದೆ. ಉಜ್ಜುವ ಮೇಲ್ಮೈಯೇ ಇಲ್ಲದ್ದರಿಂದ ಗ್ರೀಸ್ ಬೇಡ, ಕೆಸರು ನುಗ್ಗಲು ಸಂದಿಯೂ ಇಲ್ಲ. ತಿರುಚಲಿಕ್ಕೂ ವಾಲಲಿಕ್ಕೂ ಮೆತ್ತಗೆ, ಅಮುಕಲು ಅದಕ್ಕಿಂತ ಗಟ್ಟಿ. ರಸ್ತೆಯ ಸಣ್ಣ ಅದುರನ್ನೂ ಅದೇ ನುಂಗುತ್ತದೆ.

ಪಾಲಿಯುರಿಥೇನ್ ಬುಷ್ ಕೆಲಸ ಮಾಡುವ ಬಗೆಯೇ ಬೇರೆ. ಬಿಡಿಯಾಗಿ ಸಿಗುವ ಹೆಚ್ಚಿನ ಪಾಲಿ ಬುಷ್‌ಗಳಲ್ಲಿ ಒಳಕೊಳವೆ ಪಾಲಿಗೆ ಅಂಟಿರುವುದಿಲ್ಲ. ಕೊಳವೆ ಒಳಗೆ ತಿರುಗುತ್ತದೆ. ಎತ್ತಿನ ಗಾಡಿಯ ಗುಂಬ ಅಚ್ಚಿನ ಮೇಲೆ ತಿರುಗುವಂತೆಯೇ. ಅಚ್ಚಿಗೆ ಕೀಲೆಣ್ಣೆ ತಪ್ಪಿದರೆ ಏನಾಗುತ್ತದೋ ಇಲ್ಲಿ ಗ್ರೀಸ್ ತಪ್ಪಿದರೂ ಅದೇ ಆಗುತ್ತದೆ: ಹಿಡಿದು ಬಿಟ್ಟು ಹಿಡಿದು ಬಿಟ್ಟು ಕಿರುಗುಟ್ಟುತ್ತದೆ. ಗ್ರೀಸ್ ಇರುವವರೆಗೆ ತಿರುಗಲು ರಬ್ಬರ್‌ಗಿಂತ ಸಲೀಸು. ಅಮುಕಲು ಮಾತ್ರ ಬಹಳ ಗಟ್ಟಿ, ವಾಲಲಂತೂ ಒಪ್ಪುವುದೇ ಇಲ್ಲ. ಪಾಲಿಯ ಒಳ್ಳೆಯದು ಕೆಟ್ಟದ್ದೆಲ್ಲ ಈ ಮೂರರಲ್ಲೇ ಅಡಗಿದೆ.

ಮೂರನೆಯ ಬಗೆ ಗುಂಡಿನ ಕೀಲು. ಉಕ್ಕಿನ ಗುಂಡು ಬಟ್ಟಲಿನೊಳಗೆ ಎಲ್ಲ ದಿಕ್ಕಿಗೂ ತಿರುಗುತ್ತದೆ, ವಾಲುತ್ತದೆ, ಅಮುಕಿದರೆ ಕದಲುವುದಿಲ್ಲ. ಸ್ಪರ್ಧೆಗೆಂದೇ ಕಟ್ಟಿದ ಗಾಡಿಗೆ ಇದು ಸರಿ. ಉಕ್ಕಿಗೆ ಉಕ್ಕು ತಾಗುವ ರೋಸ್ ಜಾಯಿಂಟ್ ಕೆಸರು ಮರಳಿನಲ್ಲಿ ಬೇಗ ಸಡಿಲವಾಗಿ ಸದ್ದು ಮಾಡುತ್ತದೆ. ಗುಂಡಿನ ಸುತ್ತ ಪಾಲಿ ಬಟ್ಟಲಿರುವ, ಗ್ರೀಸ್ ನಿಪ್ಪಲ್ ಇರುವ ಜಾನಿ ಜಾಯಿಂಟ್‌ನಂಥವು ಸ್ವಲ್ಪ ಬಾಳಿಕೆಯವು. ದಿನವೂ ಪೇಟೆಗೆ ಹೋಗಿಬರುವ ಗಾಡಿಗೆ ಎರಡೂ ಬೇಡ.

ಶೋರ್ ಅಂಕೆ, ಬಣ್ಣ, ಮಳೆ

ರಬ್ಬರ್, ಪಾಲಿಗಳ ಗಡಸನ್ನು ಅಳೆಯುವುದು ಶೋರ್ ಎ ಎಂಬ ಅಳತೆಯಲ್ಲಿ. ಟೈರ್ ಮೇಲ್ಪದರ ಸುಮಾರು 60ರಿಂದ 70. ಸೂಪರ್‌ಮಾರ್ಕೆಟ್ಟಿನ ಟ್ರಾಲಿಯ ಗಟ್ಟಿ ಚಕ್ರ 95ರ ಹತ್ತಿರ. ಸಸ್ಪೆನ್ಷನ್ನಿನ ರಬ್ಬರ್ ಬುಷ್ ಸಾಮಾನ್ಯವಾಗಿ 50ರಿಂದ 70ರೊಳಗೆ ಇರುತ್ತದೆ, ಪಾಲಿ 70ರಿಂದ 95ರವರೆಗೆ. ಈ ಅಂಕೆ ಸಮಮೆಟ್ಟಿಲಿನದಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. 60ರಿಂದ 80ಕ್ಕೆ ಹೋದರೆ ವಸ್ತುವಿನ ಬಿಗಿತ ಮೂರನೇ ಒಂದು ಪಾಲು ಏರುವುದಲ್ಲ, ಸುಮಾರು ಎರಡೂವರೆ ಪಟ್ಟಾಗುತ್ತದೆ. 80ರಿಂದ 95ಕ್ಕೆ ಇನ್ನೂ ಕಡಿದಾದ ಏರು. ಅಂಗಡಿಯವರು "ಇದು ಸ್ವಲ್ಪ ಗಟ್ಟಿ ಸಾರ್" ಎಂದರೆ ಅಂಕೆ ಕೇಳಿ. ಹಾದಿಬೀದಿಯ ಗಾಡಿಗೆ 80ರ ಆಸುಪಾಸು ಸಾಕು. 95 ಟ್ರ್ಯಾಕಿನ ಕಾರಿಗೆ.

ಬಣ್ಣ ನೋಡಿ ಗಡಸು ಹೇಳಲಾಗದು. ಕೆಂಪು, ಹಳದಿ, ನೀಲಿ ಎಲ್ಲ ಬೆರೆಸಿದ ಬಣ್ಣ. ಒಂದು ಕಂಪನಿಯ ಹಳದಿ ಮೆತ್ತಗಿದ್ದರೆ ಇನ್ನೊಂದರ ಹಳದಿ ಕಲ್ಲಿನಂತಿರಬಹುದು. ಕಪ್ಪು ಪಾಲಿಯಲ್ಲಿ ಕೆಲವರು ಗ್ರಾಫೈಟ್ ಸೇರಿಸುತ್ತಾರೆ, ಕಿರುಗುಟ್ಟುವುದು ಸ್ವಲ್ಪ ಕಡಿಮೆಯಾಗಲಿ ಎಂದು.

ನಮ್ಮ ಕಡೆಗೆ ಗಡಸಿಗಿಂತ ದೊಡ್ಡ ಪ್ರಶ್ನೆ ಇನ್ನೊಂದು. ಪಾಲಿಯುರಿಥೇನ್ ಎಂಬ ಒಂದೇ ಹೆಸರಿನಲ್ಲಿ ಎರಡು ಕುಲಗಳಿವೆ: ಪಾಲಿಯೆಸ್ಟರ್ ಮೂಲದ್ದು, ಪಾಲಿಯೀಥರ್ ಮೂಲದ್ದು. ಪಾಲಿಯೆಸ್ಟರ್ ಬಗೆ ಎಣ್ಣೆಗೂ ಉಜ್ಜಾಟಕ್ಕೂ ಚೆನ್ನಾಗಿ ತಾಳುತ್ತದೆ. ಆದರೆ ತೇವ ಮತ್ತು ಬಿಸಿ ಒಟ್ಟಿಗೆ ಸಿಕ್ಕರೆ ನೀರು ಅದರ ಅಣುಸರಪಳಿಯನ್ನೇ ಕಡಿಯುತ್ತಾ ಹೋಗುತ್ತದೆ. ಕೆಲವು ವರ್ಷಗಳಲ್ಲಿ ಬುಷ್ ಮೊದಲು ಅಂಟಂಟಾಗಿ, ಆಮೇಲೆ ಹಳೆಯ ಬೆಲ್ಲದಂತೆ ಪುಡಿಪುಡಿಯಾಗುತ್ತದೆ. ಪಾಲಿಯೀಥರ್ ನೀರಿಗೆ ಜಗ್ಗುವುದಿಲ್ಲ. ವರ್ಷದಲ್ಲಿ ನಾಲ್ಕೈದು ತಿಂಗಳು ಗಾಡಿಯ ಅಡಿ ಒಣಗುವುದೇ ಇಲ್ಲದ ಸಕಲೇಶಪುರ, ಮಡಿಕೇರಿ, ಆಗುಂಬೆ ಕಡೆಯವರು, ಕರಾವಳಿಯವರು ಪಾಲಿ ಕೊಳ್ಳುವುದಾದರೆ ಕೇಳಬೇಕಾದ ಮೊದಲ ಮಾತು ಇದು. ಪೊಟ್ಟಣದ ಮೇಲೆ ಬರೆದಿಲ್ಲ, ಮಾರುವವರಿಗೂ ಗೊತ್ತಿಲ್ಲ ಎಂದಾದರೆ ಒಳ್ಳೆಯ ರಬ್ಬರ್ ಬುಷ್ಷೇ ಮೇಲು. ವಿಜಯಪುರ, ರಾಯಚೂರಿನ ಒಣಹವೆಯಲ್ಲಿ ಇದಕ್ಕೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಅಲ್ಲಿಯ ಕಾಟ ದೂಳಿನದು. ಗ್ರೀಸಿಗೆ ಮೆತ್ತಿಕೊಂಡ ನುಣ್ಣನೆ ದೂಳು ವಾಲ್ವ್ ಉಜ್ಜುವ ಪೇಸ್ಟಿನಂತೆ ಒಳಕೊಳವೆಯನ್ನು ತೇಯುತ್ತದೆ.

ರಬ್ಬರಿನ ಶತ್ರುಗಳೂ ಬೇರೆಯೇ. ಬುಷ್‌ಗೆ ನೈಸರ್ಗಿಕ ರಬ್ಬರೇ ಹೆಚ್ಚು ಬಳಕೆ. ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಕೆತ್ತಿ ಇಳಿಸುವ ಅದೇ ಹಾಲಿನ ಸರಕು. ಲಕ್ಷಗಟ್ಟಲೆ ಸಲ ತಿರುಚಿದರೂ ಬೇಗ ಹರಿಯದಿರುವುದು ಅದರ ಗುಣ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುವುದು, ಸೈಲೆನ್ಸರ್ ಪೈಪಿನ ಬಿಸಿಗೆ ಗಟ್ಟಿಯಾಗಿ ಬಿರಿಯುವುದು ಅದರ ದೋಷ. ವಾಟರ್ ಸರ್ವೀಸ್ ಆದ ಮೇಲೆ ತುಕ್ಕು ಹಿಡಿಯದಿರಲೆಂದು ಗಾಡಿಯ ಅಡಿಗೆಲ್ಲ ಡೀಸೆಲ್, ಹಳೆಯ ಎಂಜಿನ್ ಆಯಿಲ್ ಹೊಡೆಸುವ ಪದ್ಧತಿ ಇದೆಯಲ್ಲ, ರಬ್ಬರ್ ಬುಷ್‌ಗೆ ಇದಕ್ಕಿಂತ ದೊಡ್ಡ ಕೇಡಿಲ್ಲ. ಬ್ಲೇಡುಗಳ ಸಂದಿಗೆ ಗ್ರಾಫೈಟ್ ಗ್ರೀಸ್ ಹಚ್ಚಿಸಿ, ಚಾಸಿಗೆ ಮೇಣದ ಲೇಪ ಹೊಡೆಸಿ, ಬುಷ್ ಇರುವ ಕಣ್ಣುಗಳನ್ನು ಬಿಟ್ಟುಬಿಡಿ. ಹೊಡೆಸಲೇಬೇಕು ಎನ್ನುವವರು ಬುಷ್‌ಗಳಿಗೆ ಪ್ಲಾಸ್ಟಿಕ್ ಸುತ್ತಿಯಾದರೂ ಹೊಡೆಸಲಿ.

ಕೀಲಿನಿಂದ ಕೀಲಿಗೆ

ಬ್ಲೇಡ್ ಸೆಟ್ಟಿನ ಕಣ್ಣು ಮತ್ತು ಶಾಕಲ್. ಪಾಲಿಗೆ ಹೇಳಿ ಮಾಡಿಸಿದ ಜಾಗ ಯಾವುದಾದರೂ ಇದ್ದರೆ ಇದೇ. ಕೀಲು ಬಹುಮಟ್ಟಿಗೆ ಒಂದೇ ಅಚ್ಚಿನ ಮೇಲೆ ತಿರುಗುತ್ತದೆ. ಆಕ್ಸಲ್ ಓರೆಯಾದಾಗ ಬ್ಲೇಡೇ ಸ್ವಲ್ಪ ತಿರುಚಿಕೊಂಡು ಓರೆಯ ಬಹುಪಾಲನ್ನು ತಾನೇ ತಾಳಿಕೊಳ್ಳುತ್ತದೆ. ಶಾಕಲ್ ಸಲೀಸಾಗಿ ಆಡಿದಷ್ಟೂ ಬ್ಲೇಡ್ ಸೆಟ್ ಮೆತ್ತಗೆ ಕೆಲಸ ಮಾಡುತ್ತದೆ. ಹಳೆಯ ಜೀಪಿನ ಸವಾರಿ ಕಲ್ಲಿನಂತಿದ್ದರೆ ಬ್ಲೇಡ್ ತೆಗೆಸುವ ಮುನ್ನ ಶಾಕಲ್ ಆಡುತ್ತಿದೆಯೇ ನೋಡಿ. ಎಷ್ಟೋ ಸಲ ತಪ್ಪು ಬ್ಲೇಡಿನದಲ್ಲ, ತುಕ್ಕು ಹಿಡಿದು ಬಿಗಿದ ಕೀಲಿನದು. ಇಲ್ಲಿ ಎರಡು ತುಂಡಿನ 80 ಶೋರ್‌ನ ಪಾಲಿ ಹಾಕಿ. ಹಾಕುವ ಮುನ್ನ ಒಂದು ಅಳತೆ ಕಡ್ಡಾಯ: ಎರಡೂ ತುಂಡು ಸೇರಿಸಿದ ಉದ್ದಕ್ಕಿಂತ ಒಳಕೊಳವೆ ಚೂರು ಉದ್ದವಿರಬೇಕು, ಅರ್ಧ ಮಿಲಿಮೀಟರಿನಷ್ಟಾದರೂ. ಆಗ ಬೋಲ್ಟ್ ಬಿಗಿದಾಗ ಶಾಕಲ್ ಪಟ್ಟಿಗಳು ಕೊಳವೆಯನ್ನು ಕಚ್ಚುತ್ತವೆ, ಪಾಲಿಗೆ ತಿರುಗಲು ಎಡೆ ಉಳಿಯುತ್ತದೆ. ಕೊಳವೆ ಗಿಡ್ಡವಿದ್ದರೆ ಪಟ್ಟಿಗಳು ಪಾಲಿಯ ಅಂಚನ್ನೇ ಅಮುಕಿ ಹಿಡಿಯುತ್ತವೆ. ಗಾಡಿ ಗಟ್ಟಿಯಾಗುತ್ತದೆ, ಕಿರುಗುಟ್ಟುತ್ತದೆ, ಅಂಚು ಬೇಗ ಹರಿಯುತ್ತದೆ. ಪಾಲಿ ಹಾಕಿ ಕೆಟ್ಟೆ ಎನ್ನುವವರ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ನಿಪ್ಪಲ್ ಇರುವ, ನಡುವೆ ಕೊರೆದ ಶಾಕಲ್ ಬೋಲ್ಟ್ ಕೆಲವರ ಆಯ್ಕೆ. ಗ್ರೀಸ್ ಹೊಡೆಯಲು ಅನುಕೂಲವೇನೋ ಸರಿ, ಆದರೆ ಗ್ರೀಸ್ ಹೊರಬರುವ ಅಡ್ಡತೂತಿನ ಬಳಿ ಬೋಲ್ಟ್ ಬಲಹೀನವಾಗಿರುತ್ತದೆ. ಭಾರ ಹೊರುವ ತೋಟದ ಜೀಪಿನಲ್ಲಿ ಮುರಿಯುವುದು ಅಲ್ಲೇ. ಗನ್‌ಮೆಟಲ್ (ಕಂಚಿನ ಬಗೆಯ ಲೋಹ) ಬುಷ್ ಲೇತಿನಲ್ಲಿ ಮಾಡಿಸಿ ಹಾಕುವುದು ಇನ್ನೊಂದು ಹಳೆಯ ದಾರಿ. ವಾರವಾರ ಗ್ರೀಸ್ ಗನ್ ಹಿಡಿಯುವ ಆಳಿದ್ದರೆ ತೋಟದ ಒಳಗೆ ಓಡುವ ಗಾಡಿಗೆ ಪರವಾಗಿಲ್ಲ. ಟಾರು ರಸ್ತೆಯಲ್ಲಿ ಗಡಗಡ ಎನ್ನುತ್ತದೆ.

ರೇಡಿಯಸ್ ಆರ್ಮ್. ಇಲ್ಲಿ ಸ್ವಲ್ಪ ನಿಲ್ಲೋಣ, ಹಾನಿಯಾಗುವುದೆಲ್ಲ ಇಲ್ಲಿಯೇ. ಜಿಮ್ನಿಯ ಮುಂದಿನ ಆಕ್ಸಲ್, ಹಳೆಯ ಲ್ಯಾಂಡ್ ಕ್ರೂಸರ್ 80, ಹಳೆಯ ನಿಸ್ಸಾನ್ ಪಟ್ರೋಲ್, ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ಗಳ ಮುಂದಿನ ಆಕ್ಸಲ್ ಎಲ್ಲ ಇದೇ ಕಟ್ಟಿನವು. ಪ್ರತಿ ಪಕ್ಕಕ್ಕೂ ಒಂದು ಉದ್ದನೆ ಆರ್ಮ್. ಅದರ ಒಂದು ತುದಿ ಆಕ್ಸಲ್‌ನ ಮುಂದೊಂದು ಹಿಂದೊಂದು ಬುಷ್ ಇಟ್ಟು ಬಿಗಿದದ್ದು, ಇನ್ನೊಂದು ತುದಿ ಒಂದು ಬುಷ್‌ನಿಂದ ಚಾಸಿಗೆ ಸೇರಿದ್ದು. ಎಡಚಕ್ರ ಮೇಲೇರಿ ಬಲಚಕ್ರ ಕೆಳಗಿಳಿದಾಗ ಎಡಗಡೆಯ ಆರ್ಮ್ ಆಕ್ಸಲ್ ಕೊಳವೆಯನ್ನು ಒಂದು ಕಡೆಗೆ, ಬಲಗಡೆಯದು ಇನ್ನೊಂದು ಕಡೆಗೆ ತಿರುಗಿಸಲು ನೋಡುತ್ತದೆ. ಕೊಳವೆಯೋ ಒಂದೇ ತುಂಡು, ಅದು ತಿರುಚುವಂತಿಲ್ಲ. ಈ ಜಗಳವನ್ನು ನುಂಗಿಕೊಳ್ಳುವುದು ಆಕ್ಸಲ್ ಬಳಿಯ ಆ ನಾಲ್ಕು ರಬ್ಬರ್ ಬುಷ್‌ಗಳು. ವಿನ್ಯಾಸ ಮಾಡಿದವರು ಅವು ಅಮುಕಿಕೊಳ್ಳುತ್ತವೆ ಎಂದು ಲೆಕ್ಕ ಹಾಕಿಯೇ ಮಾಡಿದ್ದಾರೆ. ಅಲ್ಲಿಗೆ ಗಟ್ಟಿ ಪಾಲಿ ಬಂದರೆ ಇಡೀ ಆಕ್ಸಲ್ಲೇ ಒಂದು ದಪ್ಪ ಆ್ಯಂಟಿ ರೋಲ್ ಬಾರ್ (ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸರಳು) ಆಗುತ್ತದೆ. ಹೆದ್ದಾರಿಯಲ್ಲಿ ಗಾಡಿ ವಾಲುವುದು ಕಡಿಮೆಯಾಗಿ ಖುಷಿಯಾಗಬಹುದು. ಹಳ್ಳದಲ್ಲಿ ಚಕ್ರ ಗಾಳಿಯಲ್ಲಿ ತೂಗುತ್ತದೆ. ಬುಷ್ ನುಂಗದ ಬಲ ಎಲ್ಲಿಗಾದರೂ ಹೋಗಲೇಬೇಕು, ಬ್ರಾಕೆಟ್ಟಿನ ವೆಲ್ಡಿಂಗ್ ಬಿರಿಯುತ್ತದೆ, ಬೋಲ್ಟಿನ ತೂತು ಮೊಟ್ಟೆಯಾಕಾರವಾಗುತ್ತದೆ. ಇಲ್ಲಿ ಕಂಪನಿಯ ರಬ್ಬರೇ ಇರಲಿ.

ಲಿಫ್ಟ್ ಮಾಡಿಸಿದವರಿಗೆ, ಅಂದರೆ ಗಾಡಿಯ ಎತ್ತರ ಹೆಚ್ಚಿಸಿಕೊಂಡವರಿಗೆ, ಇಲ್ಲೊಂದು ತೊಡಕಿದೆ. 700 ಮಿಲಿಮೀಟರ್ ಉದ್ದದ ಆರ್ಮ್ ಇದೆ ಎನ್ನಿ. ಗಾಡಿಯನ್ನು 50 ಮಿಲಿಮೀಟರ್ ಎತ್ತಿದರೆ ಆರ್ಮ್ ಸುಮಾರು 4 ಡಿಗ್ರಿ ಓರೆಯಾಗುತ್ತದೆ, ಆಕ್ಸಲ್ ಅಷ್ಟೇ ಮುಂದಕ್ಕೆ ಉರುಳಿ ಕ್ಯಾಸ್ಟರ್ ಕೋನ (ಚಕ್ರ ಎಡಬಲಕ್ಕೆ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಅಷ್ಟು ಕಳೆದುಹೋಗುತ್ತದೆ. ಸ್ಟೀರಿಂಗ್ ತಿರುವಿನ ನಂತರ ತಾನಾಗಿ ಮರಳುವುದಿಲ್ಲ, ಗಾಡಿ ನೇರ ನಿಲ್ಲುವುದಿಲ್ಲ. ಇದಕ್ಕೆ ತೂತು ಪಕ್ಕಕ್ಕಿರುವ ಕ್ಯಾಸ್ಟರ್ ಬುಷ್ ಮಾರುತ್ತಾರೆ, ಬಹುಪಾಲು ಪಾಲಿಯಲ್ಲಿ. ತೂತು ಪಕ್ಕಕ್ಕೆ ಸರಿದಷ್ಟೂ ಒಂದು ಕಡೆ ಗೋಡೆ ತೆಳ್ಳಗಾಗುತ್ತದೆ, ಅಮುಕಿಕೊಳ್ಳಲು ಜಾಗವೇ ಇರುವುದಿಲ್ಲ. ಮೆತ್ತಗಿರಬೇಕಾದ ಜಾಗದಲ್ಲೇ ಗಟ್ಟಿಯಾಗುತ್ತದೆ. ಖರ್ಚು ಹೆಚ್ಚಾದರೂ ಆರ್ಮ್‌ನ ಚಾಸಿ ತುದಿಯನ್ನು ಕೆಳಗಿಳಿಸುವ ಬ್ರಾಕೆಟ್ ಇಲ್ಲವೇ ಕೋನ ತಿದ್ದಿದ ಆರ್ಮ್ ಹಾಕಿಸಿ, ಬುಷ್ ರಬ್ಬರಿನದೇ ಉಳಿಸಿಕೊಳ್ಳಿ.

ಪ್ಯಾನ್‌ಹಾರ್ಡ್ ರಾಡ್ ಇದಕ್ಕೆ ತದ್ವಿರುದ್ಧ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವುದಷ್ಟೇ ಅದರ ಕೆಲಸ. ರಾಡ್ ಉದ್ದವಿರುವುದರಿಂದ ತುದಿಗಳು ತಿರುಗುವ ಕೋನ ಸಣ್ಣದು. ಇಲ್ಲಿ ಬುಷ್ ಸಡಿಲವಾದರೆ ಮುಂದಿನ ಆಕ್ಸಲ್ ಸ್ಟೀರಿಂಗಿಗೆ ಉತ್ತರ ಕೊಡಲು ತಡಮಾಡುತ್ತದೆ. ಗಂಟೆಗೆ 60–70 ಕಿಲೋಮೀಟರ್ ವೇಗದಲ್ಲಿ ಒಂದು ಗುಂಡಿ ಹಾರಿದಾಗ ಸ್ಟೀರಿಂಗ್ ಕೈಗೆ ಸಿಗದಂತೆ ನಡುಗುವುದಕ್ಕೆ ಇರುವ ಕಾರಣಗಳಲ್ಲಿ ಇದು ಮುಖ್ಯವಾದದ್ದು. ಎರಡು ಪಾಲಿ ಬುಷ್‌ಗೆ ಮಾತ್ರ ದುಡ್ಡಿದ್ದರೆ ಇಲ್ಲಿ ಹಾಕಿ.

ಹೊಸ ಥಾರ್, ಫಾರ್ಚ್ಯೂನರ್‌ಗಳ ಹಿಂದಿನ ಆಕ್ಸಲ್‌ನ ಉದ್ದ ಲಿಂಕ್‌ಗಳು ತಿರುಚಿಯೂ ಬೇಕು, ವಾಲಿಯೂ ಬೇಕು ಎನ್ನುವಂಥವು. ಅವಕ್ಕೆ ರಬ್ಬರ್. ಸಾಮಾನು ಹೇರಿ ದೂರ ಹೋಗುವವರು ಒಂದು ತುದಿಗೆ ಪಾಲಿ, ಇನ್ನೊಂದು ತುದಿಗೆ ರಬ್ಬರ್ ಹಾಕಿ ರಾಜಿ ಮಾಡಿಕೊಳ್ಳಬಹುದು.

ಇವೇ ಗಾಡಿಗಳ ಮುಂದಿನ ಲೋವರ್ ಆರ್ಮ್ ಬೇರೆ ಕಥೆ. ಎರಡು ಬುಷ್‌ಗಳೂ ಒಂದೇ ಗೆರೆಯಲ್ಲಿದ್ದು ಆರ್ಮ್ ಬಾಗಿಲಿನಂತೆ ತಿರುಗುತ್ತದೆ, ವಾಲುವ ಮಾತಿಲ್ಲ. ಹಾಗಾಗಿ ಪಾಲಿ ಕೂರುತ್ತದೆ. ದಪ್ಪ ಟೈರ್, ಕಬ್ಬಿಣದ ಬಂಪರ್, ವಿಂಚ್ ಹೊತ್ತ ಗಾಡಿಯಲ್ಲಿ ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ಸರಿಯುವುದನ್ನು ಅದು ತಡೆಯುತ್ತದೆ, ಟೈರ್ ಒಳ ಅಂಚು ಸವೆಯುವುದೂ ಕಡಿಮೆಯಾಗುತ್ತದೆ. ಆದರೆ ಎರಡರಲ್ಲಿ ದೊಡ್ಡ ಬುಷ್ ಒಳಗೆ ಖಾಲಿ ಕಿಂಡಿಗಳಿರುವಂಥದ್ದಾಗಿದ್ದರೆ, ಇಲ್ಲವೇ ದ್ರವ ತುಂಬಿದ್ದಾಗಿದ್ದರೆ, ಅದನ್ನು ಬೇಕೆಂದೇ ಒಂದು ದಿಕ್ಕಿಗೆ ಮೆತ್ತಗೆ ಮಾಡಿದ್ದಾರೆ ಎಂದರ್ಥ. ಗುಂಡಿಯ ಹೊಡೆತ ಸ್ಟೀರಿಂಗಿಗೆ ಬರದಂತೆ ತಡೆಯುವುದು ಅದೇ. ಅದನ್ನು ತೆಗೆದು ಗಟ್ಟಿ ಪಾಲಿ ಇಟ್ಟರೆ ರಸ್ತೆಯ ಪ್ರತಿ ಕಲ್ಲೂ ಅಂಗೈಗೆ ವರದಿ ಒಪ್ಪಿಸುತ್ತದೆ. ಡಿಸ್ಕ್ ಸ್ವಲ್ಪ ಸೊಟ್ಟಗಿದ್ದರೂ ಅದುವರೆಗೆ ಗೊತ್ತಾಗದ ನಡುಕ ಈಗ ಗೊತ್ತಾಗುತ್ತದೆ. ರಬ್ಬರೇ ಹಾಕುವಾಗಲೂ ಕಿಂಡಿಯ ದಿಕ್ಕು ತಪ್ಪಬಾರದು. ಹಳೆಯದನ್ನು ತೆಗೆಯುವ ಮುನ್ನ ಕಿಂಡಿ ಎತ್ತ ಮುಖವಾಗಿದೆ ಎಂದು ಆರ್ಮ್ ಮೇಲೆ ಗೀಚಿಕೊಳ್ಳಿ.

ಸ್ಟೆಬಿಲೈಸರ್ ಬಾರಿನ, ಅಂದರೆ ಆ್ಯಂಟಿ ರೋಲ್ ಬಾರಿನ, ಡಿ ಬುಷ್‌ಗೆ ಧಾರಾಳವಾಗಿ ಪಾಲಿ. ಬೆಲೆ ಕಡಿಮೆ, ಕೆಲಸ ಅರ್ಧ ಗಂಟೆ. ಶಾಕ್ ಅಬ್ಸಾರ್ಬರ್ ಕಣ್ಣಿಗೆ ರಬ್ಬರ್. ಆಕ್ಸಲ್ ಓರೆಯಾದಾಗ ಕಣ್ಣು ವಾಲದಿದ್ದರೆ ಆ ಬಲ ಶಾಕ್‌ನ ರಾಡನ್ನು ಬಗ್ಗಿಸಲು ಹೋಗಿ ಸೀಲ್ ಸೋರುತ್ತದೆ.

ಹಾಳಾಗಿದೆಯೇ ಎಂದು ನೋಡುವುದು

ರಬ್ಬರಿನ ಮೇಲೆ ಕೂದಲಿನಂಥ ಬಿರುಕು ಕಂಡ ಕೂಡಲೇ ಬದಲಿಸಬೇಕಿಲ್ಲ. ಬಿಸಿಲು ಗಾಳಿಗೆ ಮೇಲ್ಪದರ ಹಾಗಾಗುತ್ತದೆ. ನೋಡಬೇಕಾದದ್ದು ಮೂರು: ರಬ್ಬರ್ ಕೊಳವೆಯಿಂದ ಬಿಟ್ಟುಕೊಂಡಿದೆಯೇ, ಒಳಕೊಳವೆ ನಡುವಿನಿಂದ ಸರಿದು ಒಂದು ಪಕ್ಕಕ್ಕೆ ಕೂತಿದೆಯೇ, ಬ್ರಾಕೆಟ್‌ನ ಒಳಮೈ ಹೊಸದಾಗಿ ಉಜ್ಜಿ ಹೊಳೆಯುತ್ತಿದೆಯೇ. ಹೊಳೆಯುತ್ತಿದ್ದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ. ದ್ರವ ತುಂಬಿದ ಬುಷ್ ಆದರೆ ಸುತ್ತ ಎಣ್ಣೆಯ ಕಲೆಯಿದೆಯೇ ಎಂದೂ ನೋಡಿ.

ಗಾಡಿ ಚಕ್ರದ ಮೇಲೆಯೇ ನಿಂತಿರಲಿ. ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಗೇಣಷ್ಟು ಆಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ಬಗ್ಗಿ ಪ್ಯಾನ್‌ಹಾರ್ಡ್ ರಾಡಿನ ತುದಿ ನೋಡಲಿ. ರಾಡ್ ಕದಲುವ ಮುನ್ನ ಬೋಲ್ಟ್ ತೂತಿನಲ್ಲಿ ಆಡಿದರೆ ತಪ್ಪು ಬುಷ್‌ನದಲ್ಲ, ತೂತಿನದು. ಮೊಟ್ಟೆಯಾದ ತೂತಿಗೆ ಎಂಥ ಬುಷ್ ಹಾಕಿದರೂ ತಿಂಗಳಲ್ಲಿ ಮತ್ತೆ ಸದ್ದು. ದಪ್ಪ ವಾಷರ್ ಇಟ್ಟು ವೆಲ್ಡ್ ಮಾಡಿಸಿ ಸರಿಯಳತೆಗೆ ಕೊರೆಸಬೇಕು. ಆಮೇಲೆ ಎಂಜಿನ್ ಆರಿಸಿ, ಗೇರ್ ತೆಗೆದು ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಒಂದೊಂದು ಕೀಲಿಗೂ ಚಿಕ್ಕ ಹಾರೆ ಕೊಟ್ಟು ಮೀಟಿ. ರಬ್ಬರ್ ಸ್ವಲ್ಪ ಮಣಿದು ತಾನೇ ಮರಳಿದರೆ ಸರಿ. ಟಕ್ ಎಂದು ಹೊಡೆದರೆ ಮುಗಿಯಿತು. ಮುಂದಕ್ಕೆ ಹೊರಟು ಬ್ರೇಕ್, ರಿವರ್ಸ್ ಹಾಕಿ ಬ್ರೇಕ್, ಎರಡರಲ್ಲೂ ಒಂದೊಂದೇ ಸಲ ಢಣ್ ಎಂದರೆ ಉದ್ದ ಲಿಂಕ್ ಅಥವಾ ಲೋವರ್ ಆರ್ಮ್ ಬುಷ್ ಮೇಲೆ ಅನುಮಾನ ಪಡಿ.

ಹಾಕುವಾಗ ಕೆಡಿಸುವುದು

ಒಳ್ಳೆಯ ರಬ್ಬರ್ ಬುಷ್ ಆರೇ ತಿಂಗಳಲ್ಲಿ ಹರಿದರೆ ಸರಕಿನ ಮೇಲೆ ಗೂಬೆ ಕೂರಿಸುವ ಮುನ್ನ ಬೋಲ್ಟನ್ನು ಯಾವಾಗ ಬಿಗಿದರು ಎಂದು ವಿಚಾರಿಸಿ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ, ಚಕ್ರ ಜೋತಾಡುತ್ತಿರುವಾಗಲೇ ಬಿಗಿದಿದ್ದರೆ ಕಾರಣ ಅದೇ. 400 ಮಿಲಿಮೀಟರ್ ಉದ್ದದ ಆರ್ಮ್ ಇದೆ, ಚಕ್ರ ಜೋತಾಡುವಾಗ ಅದರ ತುದಿ ನಿಲುವಿನ ಮಟ್ಟಕ್ಕಿಂತ 100 ಮಿಲಿಮೀಟರ್ ಕೆಳಗೆ ಹೋಗುತ್ತದೆ ಎನ್ನಿ. ಅದು 14 ಡಿಗ್ರಿಗೂ ಮಿಕ್ಕಿದ ಕೋನ. ಆ ಸ್ಥಿತಿಯಲ್ಲಿ ಒಳಕೊಳವೆಯನ್ನು ಕಚ್ಚಿಸಿಬಿಟ್ಟರೆ ಗಾಡಿ ಸುಮ್ಮನೆ ಷೆಡ್ಡಿನಲ್ಲಿ ನಿಂತಿದ್ದಾಗಲೂ ರಬ್ಬರ್ 14 ಡಿಗ್ರಿ ತಿರುಚಿಕೊಂಡೇ ಇರುತ್ತದೆ. ಗುಂಡಿಯಲ್ಲಿ ಚಕ್ರ ಇನ್ನೊಂದು 75 ಮಿಲಿಮೀಟರ್ ಮೇಲೇರಿದರೆ ಮತ್ತೆ 11 ಡಿಗ್ರಿ ಸೇರಿ 25. ನಿಲುವಿನ ಮಟ್ಟದಲ್ಲಿ ಬಿಗಿದಿದ್ದರೆ ಅದೇ ಗುಂಡಿಗೆ 11 ಮಾತ್ರ. ಸ್ಪ್ರಿಂಗ್ ಬದಲಿಸಿ ಲಿಫ್ಟ್ ಮಾಡಿಸಿದವರಿಗೂ ಇದೇ ನಿಯಮ. ಎತ್ತರ ಬದಲಾದ ಮೇಲೆ ಎಲ್ಲ ಕೀಲುಗಳ ಬೋಲ್ಟನ್ನೂ ಒಮ್ಮೆ ಸಡಿಲಿಸಿ, ಹೊಸ ನಿಲುವಿನಲ್ಲಿ ಮತ್ತೆ ಬಿಗಿಯಬೇಕು.

ಕೆಲಸದ ಕ್ರಮ ಹೀಗೆ. ಗಾಡಿ ಎತ್ತುವ ಮುನ್ನ ಮಟ್ಟಸ ನೆಲದಲ್ಲಿ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ನಾಲ್ಕೂ ಕಡೆಯ ಅಂಕೆ ಬರೆದಿಡಿ. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮಲೆನಾಡಿನ, ಕರಾವಳಿಯ ಗಾಡಿಗಳಲ್ಲಿ ಬೋಲ್ಟ್ ಒಳಕೊಳವೆಗೇ ತುಕ್ಕಿನಿಂದ ಬೆಸೆದುಕೊಂಡಿರುತ್ತದೆ. ಹೊಡೆದು ತೆಗೆಯಲು ಹೋದರೆ ಬ್ರಾಕೆಟ್ ಸೊಟ್ಟಗಾಗುತ್ತದೆ. ಬುಷ್‌ಗೂ ಬ್ರಾಕೆಟ್‌ಗೂ ನಡುವೆ ಗರಗಸದ ಬ್ಲೇಡ್ ಇಳಿಸಿ ಬೋಲ್ಟನ್ನೇ ಎರಡು ಕಡೆ ಕತ್ತರಿಸುವುದು ವಾಸಿ. ಹೊಸ ಬೋಲ್ಟ್ ಮೊದಲೇ ತಂದಿಟ್ಟುಕೊಂಡಿರಿ, ಅದೇ ದರ್ಜೆಯದು, 10.9 ಇದ್ದಲ್ಲಿಗೆ 8.8 ಬೇಡ.

ಹಳೆಯ ಬುಷ್‌ಗೆ ಗ್ಯಾಸ್ ಹಚ್ಚಿ ಸುಡುವುದು ನಮ್ಮಲ್ಲಿ ಬಹಳ. ರಬ್ಬರ್ ಹೊಗೆಯೇ ಕೆಟ್ಟದ್ದು. ಪಾಲಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಸೈನೈಡ್, ಐಸೋಸಯನೇಟ್ ಇರುತ್ತವೆ. ಪಾಲಿಯನ್ನು ಯಾವ ಕಾರಣಕ್ಕೂ ಸುಡಬಾರದು. ಪ್ರೆಸ್ಸಿನಲ್ಲಿ ಒತ್ತಿ ತೆಗೆಯಿರಿ. ಹೊರಕೊಳವೆ ಬರದಿದ್ದರೆ ಹ್ಯಾಕ್ಸಾ ಬ್ಲೇಡ್ ಒಳಗೆ ತೂರಿಸಿ ಉದ್ದಕ್ಕೆ ಒಂದು ಸೀಳು ಹಾಕಿ ಒಳಕ್ಕೆ ಮಡಚಿ. ಆರ್ಮ್‌ನ ಕಣ್ಣಿಗೆ ಗೀರು ಬೀಳಬಾರದು. ಕೆಲವು ಪಾಲಿ ಬುಷ್‌ಗಳು ಹಳೆಯ ಹೊರಕೊಳವೆಯ ಒಳಗೇ ಕೂರುವಂಥವು. ಕಾಗದ ಓದದೆ ಕೊಳವೆ ಕಿತ್ತೆಸೆದರೆ ಹೊಸ ಬುಷ್ ಗಡಗಡ ಆಡುತ್ತದೆ.

ಹೊಸದನ್ನು ಒತ್ತುವಾಗ ಬಲ ಬೀಳಬೇಕಾದದ್ದು ಹೊರಕೊಳವೆಯ ಅಂಚಿಗೆ ಮಾತ್ರ. ಒಳಕೊಳವೆಯನ್ನೋ ರಬ್ಬರನ್ನೋ ಒತ್ತಿದರೆ ಅಂಟು ಒಳಗೇ ಬಿಟ್ಟುಕೊಳ್ಳುತ್ತದೆ, ಹೊರಗೆ ಕಾಣುವುದಿಲ್ಲ. ಕೊಳವೆಯಿಲ್ಲದ ಎರಡು ತುಂಡಿನ ರಬ್ಬರ್ ಬುಷ್ ಜಾರದಿದ್ದರೆ ಸೋಪಿನ ನೀರು ಸಾಕು. ಎಂಪಿ (ಮಲ್ಟಿಪರ್ಪಸ್) ಗ್ರೀಸ್ ರಬ್ಬರಿಗೆ ಮುಟ್ಟಿಸಬೇಡಿ. ಪಾಲಿಗೆ ಅದರ ಜೊತೆ ಬರುವ ಅಂಟಂಟಾದ ಸಿಲಿಕಾನ್ ಗ್ರೀಸನ್ನೇ ತೂತಿನೊಳಗೆ, ಕೊಳವೆಯ ಮೇಲೆ, ಅಂಚಿನ ಮುಖಗಳಿಗೆ ದಟ್ಟವಾಗಿ ಹಚ್ಚಿ. ಸಾಮಾನ್ಯ ಗ್ರೀಸ್ ಒಂದೇ ಮಳೆಗಾಲಕ್ಕೆ ತೊಳೆದುಹೋಗುತ್ತದೆ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಬಿಚ್ಚಿ ಒರೆಸಿ ಮತ್ತೆ ಹಚ್ಚುವ ತಾಳ್ಮೆ ಇಲ್ಲದವರು ಪಾಲಿಯ ಗೋಜಿಗೆ ಹೋಗದಿರುವುದೇ ಲೇಸು.

ಬೋಲ್ಟ್ ತೂರಿಸಿ ನಟ್ಟನ್ನು ಕೈಯಿಂದ ಮಾತ್ರ ಬಿಗಿಯಿರಿ. ಬೋಲ್ಟಿನ ನುಣುಪು ಭಾಗಕ್ಕೆ ತುಕ್ಕು ತಡೆಯುವ ಪೇಸ್ಟ್ ತೆಳ್ಳಗೆ ಸವರಬಹುದು, ಹಲ್ಲಿಗೆ ತಾಗಿಸಬಾರದು. ತಾಗಿದರೆ ಟಾರ್ಕ್ ರೆಂಚಿನ ಅಂಕೆ ಸುಳ್ಳಾಗಿ ಬೋಲ್ಟ್ ಅತಿಯಾಗಿ ಬಿಗಿಯುತ್ತದೆ. ಗಾಡಿ ಇಳಿಸಿ, ಹಿಂದೆ ಮುಂದೆ ನಾಲ್ಕಡಿ ಓಡಿಸಿ, ಬಂಪರ್ ಮೇಲೆ ನಿಂತು ಕುಲುಕಿ. ಮೊದಲು ಬರೆದಿಟ್ಟ ಅಳತೆಗೆ ಬಂದು ನಿಂತ ಮೇಲೆ ಮ್ಯಾನುಯಲ್‌ನಲ್ಲಿರುವ ಟಾರ್ಕಿಗೆ ಬಿಗಿಯಿರಿ. ಅಡಿಗೆ ಕೈ ಹೋಗುವುದಿಲ್ಲ ಎಂದಾದರೆ ಚಾಸಿಯನ್ನು ಸ್ಟ್ಯಾಂಡ್ ಮೇಲಿಟ್ಟು, ಆರ್ಮ್‌ನ ಚಕ್ರದ ತುದಿಗೆ ಜಾಕ್ ಕೊಟ್ಟು ಅದೇ ಅಳತೆ ಬರುವವರೆಗೆ ಎತ್ತಿ ಬಿಗಿಯಿರಿ.

ಡೂಪ್ಲಿಕೇಟ್ ಸರಕಿನ ಬಗ್ಗೆಯೂ ಒಂದು ಮಾತು. ಒಳಕೊಳವೆಯ ಗೋಡೆ ತೆಳ್ಳಗಿದ್ದರೆ, ಉದ್ದಕ್ಕೆ ಮಡಚಿದ ಸಂದು ಬಾಯಿಬಿಟ್ಟಿದ್ದರೆ, ರಬ್ಬರ್ ಮತ್ತು ಕಬ್ಬಿಣ ಸೇರುವಲ್ಲಿ ಉಗುರು ಹೋಗುವಷ್ಟು ಸಂದಿಯಿದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ. ಹಳೆಯ ಬುಷ್ ಜೊತೆಯಲ್ಲಿ ಒಯ್ದು ವರ್ನಿಯರ್‌ನಲ್ಲಿ ಹೊರ ಅಳತೆ, ಉದ್ದ, ತೂತು ಮೂರನ್ನೂ ಹೋಲಿಸಿ. ಹೊರ ಅಳತೆ ಕಾಲು ಮಿಲಿಮೀಟರ್ ಕಮ್ಮಿಯಿದ್ದರೂ ಕಣ್ಣಿನಲ್ಲಿ ಅದು ಬಿಗಿಯಾಗಿ ಕೂರುವುದಿಲ್ಲ, ಕೈಯಲ್ಲೇ ತೂರಿಸಬಹುದಾದ ಬುಷ್ ದಾರಿಯಲ್ಲಿ ತಾನೇ ಹೊರಬರುತ್ತದೆ. ಸಂದಿಗೆ ಟೈರ್ ತುಂಡು, ತಗಡಿನ ಚೂರು ಸೇರಿಸಿ ಬಿಗಿ ಮಾಡುವ ಜಾಣತನ ಬೇಡ.

ಲೋವರ್ ಆರ್ಮ್ ಅಥವಾ ಮುಂದಿನ ಆಕ್ಸಲ್‌ನ ಯಾವುದೇ ಬುಷ್ ಮುಟ್ಟಿದ್ದರೆ ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ, ಕ್ಯಾಸ್ಟರ್ ಅಂಕೆಯನ್ನೂ ಮುದ್ರಿಸಿ ಕೊಡಲು ಕೇಳಿ. 500 ಕಿಲೋಮೀಟರ್ ಓಡಿದ ಮೇಲೆ, ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ, ಎಲ್ಲ ಬೋಲ್ಟಿಗೂ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ, ನಟ್ಟಿನ ಮೇಲೆ ಪೇಂಟಿನಿಂದ ಒಂದು ಗೆರೆ ಎಳೆದಿಡಿ. ಆ ಗೆರೆ ಮುರಿದು ಕಂಡರೆ ನಟ್ ತಿರುಗಿದೆ ಎಂದು ಬಗ್ಗಿ ನೋಡಿದೊಡನೆ ಗೊತ್ತಾಗುತ್ತದೆ.